ನೀರಿಗೆ ಜಾತಿಯಿಲ್ಲ, ಚರಂಡಿಗೆ ಇದೆ

ಗಣಿಗೆ ನೀರು ನುಗ್ಗಿ ಜನ ಸತ್ತರು ಅಂತ ಪೇಪರಿನಲ್ಲಿ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಪ್ರಕೃತಿಯ ಮುನಿಸು. ಈ ಮಾತನ್ನು ನಾವು ಒಪ್ಪುವುದಿಲ್ಲ. ಮಳೆ ಪ್ರಕೃತಿಯದು, ಸರಿ. ಬಿದ್ದ ಮಳೆ ಯಾವ ಕಡೆ ಹರಿಯಬೇಕು ಅನ್ನೋದನ್ನು ತೀರ್ಮಾನ ಮಾಡುವವನು ಮನುಷ್ಯ. ಅದೂ ಕೈಯಲ್ಲಿ ದುಡ್ಡು, ಬಾಯಲ್ಲಿ ಹುಕುಂ ಇರುವ ಮನುಷ್ಯ.

ಇದನ್ನು ನಮಗೆ ಯಾವ ಎಂಜಿನಿಯರೂ ಬಂದು ಕಲಿಸಬೇಕಾಗಿಲ್ಲ. ನಮ್ಮ ಊರುಗಳನ್ನೇ ನೋಡಿ. ಊರವರ ಬಚ್ಚಲ ನೀರೆಲ್ಲ ಹರಿದು ಬಂದು ನಿಲ್ಲೋದು ಕೇರಿಯಲ್ಲಿ. ಊರು ದಿಣ್ಣೆಯ ಮೇಲೆ, ಕೇರಿ ತಗ್ಗಿನಲ್ಲಿ. ಯಾವ ಭೂಗೋಳದ ಪುಸ್ತಕದಲ್ಲಿದೆ ಈ ಪಾಠ? ಕಲ್ಲಿದ್ದಲು ಗಣಿ ಅಂದರೆ ಇದೇ ತಗ್ಗನ್ನು ಇನ್ನಷ್ಟು ಆಳಕ್ಕೆ ತೋಡಿದ್ದು. ಝರಿಯಾ, ರಾಣಿಗಂಜ್ ಸೀಮೆಯಲ್ಲಿ ಬ್ರಿಟಿಷರ ಕಾಲದಿಂದ ಆ ತಗ್ಗಿಗೆ ಇಳಿದವರಲ್ಲಿ ಸಂತಾಲರು, ಬೌರಿಗಳು, ಭುಯಿಯಾಂಗಳು ಇದ್ದರು. ಮೇಲೆ ನಿಂತು ಲೆಕ್ಕ ಬರೆದವರು ಬೇರೆ.

ಕೆರೆ ಕಟ್ಟುವವನು ನೀರನ್ನು ಒಳಕ್ಕೆ ಕರೆಯುತ್ತಾನೆ. ಗಣಿ ತೋಡುವವನು ಅದನ್ನು ಹೊರಗಿನಿಂದಲೇ ತಿರುಗಿಸಿ ಕಳಿಸಬೇಕು. ಅದಕ್ಕೇ ತೆರೆದ ಗಣಿಯ ಸುತ್ತ ಒಂದು ಕಾಲುವೆ ತೋಡುತ್ತಾರೆ. ಮೇಲಿನಿಂದ ಬಂದ ಮಳೆನೀರು ಗುಂಡಿಗೆ ಬೀಳದೆ ಬಳಸಿಕೊಂಡು ಹಳ್ಳಕ್ಕೆ ಹೋಗಬೇಕು. ಇದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಗಾರ್ಲೆಂಡ್ ಡ್ರೈನ್, ಅಂದರೆ ಹಾರದ ಕಾಲುವೆ. (ಈ ದೇಶದಲ್ಲಿ ಮಂತ್ರಿಯ ಕೊರಳಿನ ಹಾರಕ್ಕೆ ಒಂದು ದಿನವೂ ಬರ ಬಂದಿಲ್ಲ, ಗಣಿಯ ಕೊರಳಿನದಕ್ಕೆ ಮಾತ್ರ ಬರುತ್ತದೆ.) ತೆಗೆದುಹಾಕಿದ ಮಣ್ಣಿನ ಗುಡ್ಡದ ಬುಡಕ್ಕೆ ಗೋಡೆ ಬೇಕು. ಕರಿನೀರು ಹೊಂಡದಲ್ಲಿ ತಂಗಿ ತಿಳಿಯಾದ ಮೇಲೆ ಹಳ್ಳ ಸೇರಬೇಕು, ಇಲ್ಲವಾದರೆ ಕೆಳಗಿನ ಗದ್ದೆಯವನ ಪೈರಿನ ಮೇಲೆ ಮಸಿ ಕೂರುತ್ತದೆ. ನೆಲ ಕುಸಿದು ಬಿರುಕು ಬಿಟ್ಟ ಕಡೆ ಮಳೆಗಾಲಕ್ಕೆ ಮುಂಚೆಯೇ ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ಝರಿಯಾದಲ್ಲಿ ನೂರು ವರ್ಷಕ್ಕೂ ಮೇಲಿಂದ ನೆಲದೊಳಗೆ ಬೆಂಕಿ ಉರಿಯುತ್ತಿದೆ, ಅಲ್ಲಿ ಬಾಯಿಬಿಟ್ಟ ನೆಲಕ್ಕೆ ಕೊರತೆಯಿಲ್ಲ. ಇಷ್ಟಾದರೂ ತಳಕ್ಕೆ ಇಳಿದ ನೀರನ್ನು ಒಂದು ಗುಂಡಿಗೆ ಕೂಡಿಸಿ ಪಂಪು ಹಾಕಿ ಎತ್ತಬೇಕು.

ಇದೇನು ಬ್ರಹ್ಮವಿದ್ಯೆಯಲ್ಲ. ಗುದ್ದಲಿ, ಮಂಕರಿ ಹಿಡಿದವನಿಗೆ ಗೊತ್ತಿರುವ ಕೆಲಸ. ಆದರೆ ಕಾಲುವೆ ತೋಡಿದರೆ ಒಂದು ಟನ್ ಕಲ್ಲಿದ್ದಲೂ ಸಿಗೋದಿಲ್ಲ. ದಿನಕ್ಕೆ ಇಷ್ಟು ಟನ್ ಅಂತ ಗುರಿ ಹಾಕುವವನ ಲೆಕ್ಕದಲ್ಲಿ ಅದು ದಂಡದ ಖರ್ಚು.

ಕಾನೂನು ಇಲ್ಲವೇ ಅಂದರೆ, ಇದೆ. ಗಣಿಯ ಬಾಯಿ ಆ ಜಾಗದ ಅತಿ ಎತ್ತರದ ನೆರೆಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು ಅಂತ 1957ರ ಕಲ್ಲಿದ್ದಲು ಗಣಿ ನಿಯಮಾವಳಿ ಹೇಳಿತು. ನೀರು ನಿಂತಿರಬಹುದಾದ ಹಳೆಯ ಗಣಿಯ 60 ಮೀಟರಿನೊಳಗೆ ಅನುಮತಿಯಿಲ್ಲದೆ ಅಗೆಯಬಾರದು ಅಂತಲೂ ಹೇಳಿತು. 2017ರಲ್ಲಿ ಹೊಸ ನಿಯಮಾವಳಿಯೂ ಬಂತು. ಈ ಎರಡರ ನಡುವೆ ಸತ್ತವರನ್ನು ಎಣಿಸಿ.

1975ರ ಡಿಸೆಂಬರ್ 27. ಧನಬಾದಿನ ಹತ್ತಿರದ ಚಾಸ್ನಾಲಾ. ತುರ್ತುಪರಿಸ್ಥಿತಿಯ ಕಾಲ, ಗಣಿ ಸರ್ಕಾರದ ಸುಪರ್ದಿನಲ್ಲಿತ್ತು. ಮೇಲಿನ ಹಳೆಯ ಗಣಿಯಲ್ಲಿ ನೀರು ಮಡುಗಟ್ಟಿ ನಿಂತಿತ್ತು. ಅದರ ಕೆಳಗೆ ಆಳುಗಳು ದುಡಿಯುತ್ತಿದ್ದರು. ನಡುವಿನ ತಡೆ ಒಡೆಯಿತು. 375 ಜನ ಸತ್ತರು. ಡಿಸೆಂಬರ್ ತಿಂಗಳಲ್ಲಿ! ಯಾವ ಮಳೆಯನ್ನು ದೂರೋಣ? ತಲೆಯ ಮೇಲೆ ಕೆರೆಯಿಟ್ಟು ಕೆಳಗೆ ಕೂಲಿ ಕೊಟ್ಟವರನ್ನು ದೂರಬೇಕಲ್ಲವೇ? ಧನಬಾದಿನ ನ್ಯಾಯಾಲಯ ಅಂದಿನ ಇಬ್ಬರು ಅಧಿಕಾರಿಗಳನ್ನು ತಪ್ಪಿತಸ್ಥರು ಅಂದದ್ದು 2012ರಲ್ಲಿ. ಅಷ್ಟರಲ್ಲಿ ಸತ್ತವರ ಮಕ್ಕಳೂ ಮುದುಕರಾಗತೊಡಗಿದ್ದರು.

ಇಪ್ಪತ್ತು ವರ್ಷಗಳ ಮೇಲೆ, 1995ರ ಸೆಪ್ಟೆಂಬರ್ 26ರ ರಾತ್ರಿ, ಅದೇ ಝರಿಯಾ ಸೀಮೆಯ ಗಸ್ಲಿತಾಂಡ್. ಈ ಸಲ ಮಳೆ ನಿಜವಾಗಿಯೂ ಸುರಿಯಿತು. ಕತ್ರಿ ನದಿ ದಡ ಮೀರಿ ಗಣಿಗಳಿಗೆ ನುಗ್ಗಿತು. ಗಸ್ಲಿತಾಂಡ್ ಒಂದರಲ್ಲೇ 64 ಜನ ಮುಳುಗಿದರು. ಹೊಳೆ ಅಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಮಳೆಗಾಲವೂ ಹೊಸದಲ್ಲ. ಹೊಳೆಯ ಪಕ್ಕದಲ್ಲಿ ಗುಂಡಿ ತೋಡಿದವರಿಗೆ ಹೊಳೆ ಯಾವತ್ತಾದರೂ ಏರುತ್ತದೆ ಅನ್ನೋದು ಗೊತ್ತಿರಲಿಲ್ಲವೇ? ಏರಿ ಬಲವಾಗಿದೆಯೇ ಅಂತ ನಮ್ಮ ಹಳ್ಳಿಯ ನೀರುಗಂಟಿ ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಹೋಗಿ ನೋಡಿ ಬರುತ್ತಾನೆ. ಮೂರು ಪಾಳಿಯಲ್ಲಿ ಜನರನ್ನು ನೆಲದೊಳಕ್ಕೆ ಇಳಿಸುವ ದೊಡ್ಡ ಕಂಪನಿಗೆ ನೀರುಗಂಟಿಯಷ್ಟು ಬುದ್ಧಿ ಬೇಡವೇ?

ಯಜಮಾನ ಬದಲಾದರೆ ಎಲ್ಲ ಸರಿಹೋಗುತ್ತದೆ ಅಂತ ನಂಬಿದವರಿದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ಗಣಿಗಳ ರಾಷ್ಟ್ರೀಕರಣವಾಯಿತು. ಸೇಠುಗಳು ಹೋದರು, ಸಾಹೇಬರು ಬಂದರು. ತಗ್ಗಿಗೆ ಇಳಿಯುವವರು ಅವರೇ ಉಳಿದರು.

ಸಿನಿಮಾಗಳೂ ಬಂದವು. ಚಾಸ್ನಾಲಾದ ನೆರಳಿನಲ್ಲಿ 1979ರಲ್ಲಿ ‘ಕಾಲಾ ಪತ್ಥರ್’ ಬಂತು, ನಾಯಕ ಸೀಟಿ ಹೊಡೆಸಿಕೊಂಡ. 1989ರ ನವೆಂಬರಿನಲ್ಲಿ ರಾಣಿಗಂಜಿನ ಮಹಾಬೀರ್ ಗಣಿಗೆ ನೀರು ನುಗ್ಗಿದಾಗ ಜಸ್ವಂತ್ ಸಿಂಗ್ ಗಿಲ್ ಅವರು ಉಕ್ಕಿನ ಕೊಳವೆಯಂಥ ತೊಟ್ಟಿಲನ್ನು ಇಳಿಬಿಟ್ಟು 65 ಜನರನ್ನು ಒಬ್ಬೊಬ್ಬರನ್ನಾಗಿ ಮೇಲೆತ್ತಿಸಿದರು. ಅವರಿಗೆ ನಮ್ಮ ನಮಸ್ಕಾರ. ಅವರ ಕಥೆಯೂ 2023ರಲ್ಲಿ ತೆರೆಗೆ ಬಂತು. ಆದರೆ ಗಣಿ ಮುಳುಗದಂತೆ ಮೇ ತಿಂಗಳಲ್ಲೇ ಹೂಳು ತೆಗೆದ ಆಳಿನ ಕಥೆಯನ್ನು ಯಾರು ತೆಗೆಯುತ್ತಾರೆ? ಅವನಿಂದ ಸಾಯಬೇಕಾದ ಯಾರೂ ಸಾಯಲಿಲ್ಲ. ಸಾವಿಲ್ಲದ ಕಥೆಗೆ ಟಿಕೆಟ್ ಹರಿಯೋದಿಲ್ಲ.

ಇದೆಲ್ಲ ಝಾರ್ಖಂಡ್, ಬಂಗಾಳದ ಸಂಕಟ, ನಮಗೇನು ಅನ್ನುವ ಗೆಳೆಯರಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಸಿಂಗರೇಣಿಯಿಂದ, ಇನ್ನೂ ದೂರದಿಂದ ಗೂಡ್ಸು ರೈಲಿನಲ್ಲಿ ಬಂದದ್ದು. ನಾವು ಬಲ್ಬಿನ ಕೆಳಗೆ ಕೂತು ಈ ಪತ್ರಿಕೆ ಓದುತ್ತೇವೆ.

ಹಾಗಾಗಿ ನಮ್ಮ ಕೇಳಿಕೆ ಇಷ್ಟು. 500 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಗಣಿಯಲ್ಲಿ ಕಾರ್ಮಿಕರ ಪರವಾದ ಪರಿವೀಕ್ಷಕ ಇರಬೇಕು ಅಂತ ನಿಯಮವಿದೆ. ಅವನು ಪ್ರತಿ ವರ್ಷ ಮಳೆಗೆ ಮುಂಚೆ ಕಾಲುವೆ, ಏರಿ, ಪಂಪು, ಬಿರುಕು ಎಲ್ಲವನ್ನೂ ನೋಡಿ ಬರೆದದ್ದನ್ನು ಪಾಳಿ ಬದಲಾಗುವ ಹೊತ್ತಿಗೆ ಹಿಂದಿಯಲ್ಲಿ, ಬಂಗಾಳಿಯಲ್ಲಿ, ಸಂತಾಲಿಯಲ್ಲಿ ಗಟ್ಟಿಯಾಗಿ ಓದಬೇಕು. ನೆರೆಮಟ್ಟದ ಗೆರೆಯನ್ನು ಗಣಿಯ ಬಾಯಿಯ ಹತ್ತಿರ ಬಣ್ಣದಲ್ಲಿ ಎಳೆಯಬೇಕು, ಓದು ಬಾರದವನಿಗೂ ಕಾಣುವ ಹಾಗೆ. ನೀರು ಆ ಗೆರೆಯ ಕಡೆ ಏರುತ್ತಿದೆ ಅಂತ ಕಂಡ ದಿನ ಕೆಳಗಿಳಿಯಲಾರೆ ಅಂದವನ ಕೂಲಿ ಕಡಿಯಬಾರದು.