ಬರುವವರಿಗೆ ನಮ್ಮ ಚಾಪೆಯ ಮೇಲೆ ಜಾಗವಿದೆಯೇ?



ನಮ್ಮ ಮನೆಕೂಟಗಳಲ್ಲಿ ಒಂದು ಪ್ರಾರ್ಥನೆ ತಪ್ಪದೆ ಕೇಳಿಬರುತ್ತದೆ. ನಮ್ಮ ಸೀಮೆಯಲ್ಲಿ ಅನೇಕರು ಸಭೆಗೆ ಸೇರುವಂತಾಗಲಿ ಎಂದು ಹಿರಿಯರೂ ಬೇಡುತ್ತಾರೆ, ಮಕ್ಕಳೂ ಬೇಡುತ್ತಾರೆ. ಅದು ಒಳ್ಳೆಯ ಪ್ರಾರ್ಥನೆಯೇ ಸರಿ. ಆದರೆ ಕರ್ತನು ಅದನ್ನು ಲಾಲಿಸಿ, ಮುಂದಿನ ಭಾನುವಾರವೇ ರಾಯಕೋಟೆಯ ಒಂದು ಚಿಕ್ಕ ಸಭೆಗೆ ನಲವತ್ತು ಹೊಸ ಕುಟುಂಬಗಳನ್ನು ಕಳುಹಿಸಿಕೊಟ್ಟರೆ ನಾವೇನು ಮಾಡುವೆವು? ನಾವು ಕೆಲವರು ಕೂತು ಈ ಪ್ರಶ್ನೆಯನ್ನು ಕೇಳಿಕೊಂಡೆವು. ಷಾಮಿಯಾನ ಹಾಕಿಸಬೇಕು, ಚಾಪೆ ತರಿಸಬೇಕು, ಮೈಕು ಸರಿಮಾಡಿಸಬೇಕು ಎಂಬ ಉತ್ತರಗಳು ಬೇಗನೆ ಬಂದವು. ಆ ಕುಟುಂಬಗಳ ಹೆಸರನ್ನು ಯಾರು ಕೇಳುತ್ತಾರೆ, ಅವರ ಮನೆಗೆ ಯಾರು ಹೋಗುತ್ತಾರೆ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಹೋಗುತ್ತಿದ್ದ ಒಂದು ಸಭೆಗೆ ಗುಲಾಬಿ ತೋಟದಲ್ಲಿ ದುಡಿಯುವ ಎರಡು ಕುಟುಂಬಗಳು ಬಂದವು. ಮನೆಯಲ್ಲಿ ಕನ್ನಡ ಆಡುವವರು. ಆರಾಧನೆಯೆಲ್ಲ ತಮಿಳಿನಲ್ಲಿ. ನಾಲ್ಕು ಭಾನುವಾರ ಬಾಗಿಲ ಬಳಿ ಕೂತರು. ಆರಾಧನೆ ಮುಗಿದ ಮೇಲೆ ನಾವು ನಾವೇ ಕ್ಷೇಮಸಮಾಚಾರ ಕೇಳಿಕೊಂಡು ಮನೆಗೆ ಹೋದೆವು. ಐದನೆಯ ಭಾನುವಾರ ಅವರು ಬರಲಿಲ್ಲ. ತಿಂಗಳಾದ ಮೇಲೆ ಸಂತೆಯಲ್ಲಿ ಆ ತಾಯಿ ಸಿಕ್ಕಿದಾಗ, "ದೇವರ ಮೇಲೆ ನಮಗೇನೂ ಬೇಸರವಿಲ್ಲಣ್ಣ. ಅಲ್ಲಿ ನಮ್ಮ ಹೆಸರು ಯಾರಿಗೂ ಬೇಕಾಗಿರಲಿಲ್ಲ" ಎಂದರು. ಆ ತಪ್ಪು ಸಭಾಪಾಲಕರದ್ದಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮದು.

ರಾಯಕೋಟೆ ಗಡಿ ಸೀಮೆಯ ಊರು. 1791ರಲ್ಲಿ ಇಲ್ಲಿಯ ಬೆಟ್ಟದ ಕೋಟೆ ಟಿಪ್ಪು ಸುಲ್ತಾನನ ಕೈಯಿಂದ ಇಂಗ್ಲಿಷರ ಕೈಗೆ ಹೋಯಿತು. ಆಮೇಲೆ ನಾವು ಸೇಲಂ ಜಿಲ್ಲೆಯವರಾದೆವು, 1965ರಲ್ಲಿ ಧರ್ಮಪುರಿ ಜಿಲ್ಲೆಯವರಾದೆವು, 2004ರಿಂದ ಕೃಷ್ಣಗಿರಿ ಜಿಲ್ಲೆಯವರಾಗಿದ್ದೇವೆ. ಆಳುವವರು ಬದಲಾದರು, ಮನೆಯ ಮಾತು ಬದಲಾಗಲಿಲ್ಲ. ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಕೇಳಿಬರುತ್ತವೆ. ನಮ್ಮವರು ಮಾವಿನ ತೋಪಿಗೆ, ಟೊಮ್ಯಾಟೊ ಹೊಲಕ್ಕೆ, ಹೂವಿನ ತೋಟಕ್ಕೆ ಹೋಗುತ್ತಾರೆ. ಕೆಲವರು ಕೊಡಗಿನ ಕಾಫಿ ಎಸ್ಟೇಟಿನ ಲೈನ್ ಮನೆಗಳಲ್ಲಿದ್ದಾರೆ. ಹೊಸೂರಿನ ಕಾರ್ಖಾನೆಗಳಿಗೆ ಜಾರ್ಖಂಡ್, ಒಡಿಶಾ ಕಡೆಯಿಂದಲೂ ಹೆಣ್ಣುಮಕ್ಕಳು ಬಂದಿದ್ದಾರೆ. ಹೀಗಿರಲಾಗಿ, ಹೊಸಬರು ಯಾವಾಗ ಬರುತ್ತಾರೆಂದು ಕೇಳಬೇಕಾಗಿಲ್ಲ. ಬಂದೇ ಇದ್ದಾರೆ.

ಅಪೊಸ್ತಲರ ಕೃತ್ಯಗಳು ಪುಸ್ತಕವನ್ನು ತೆರೆದು ನೋಡಿರಿ. ಎರಡನೆಯ ಅಧ್ಯಾಯದಲ್ಲಿ ಒಂದೇ ದಿನ ಸುಮಾರು ಮೂರು ಸಾವಿರ ಜನರು ಸಭೆಗೆ ಸೇರಿದರು. ಇದನ್ನು ನಾವು ಸಂತೋಷದಿಂದ ಸಾರುತ್ತೇವೆ. ಆರನೆಯ ಅಧ್ಯಾಯವನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ಶಿಷ್ಯರು ಹೆಚ್ಚಿದಾಗ ಗುಣುಗುಟ್ಟುವಿಕೆಯೂ ಹುಟ್ಟಿತು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಟ್ಟಿದ್ದರು. ಮೊದಲನೆಯ ಸಭೆಯ ಮೊದಲನೆಯ ಒಳಜಗಳ ಅನ್ನದ್ದು ಮತ್ತು ಭಾಷೆಯದ್ದು! ಅಪೊಸ್ತಲರು ದೂರು ಹೇಳಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರಿ ಎಂದರು. ಆರಿಸಲ್ಪಟ್ಟ ಏಳು ಮಂದಿಯದೂ ಗ್ರೀಕ್ ಹೆಸರೇ. ಕೊನೆಯವನಾದ ನಿಕೊಲಾಯನು ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಹೊರಗಿನಿಂದ ಬಂದು ಸೇರಿದವನು. ಯಾರಿಗೆ ಅನ್ಯಾಯವಾಯಿತೋ ಅವರ ಕಡೆಯವರ ಕೈಗೇ ಸಭೆಯು ಹಂಚಿಕೆಯನ್ನು ಕೊಟ್ಟಿತು. ಅದಾದ ಮೇಲೆ ಶಿಷ್ಯರು ಇನ್ನೂ ಹೆಚ್ಚಿದರೆಂದು ಅದೇ ಅಧ್ಯಾಯ ಹೇಳುತ್ತದೆ.

ಸಿದ್ಧತೆ ಎಂದರೆ ಇದೇ ಎಂದು ನಮ್ಮ ಅಭಿಪ್ರಾಯ. ಹೊಸಬರಿಗೆ ಜಾಗ ಮಾಡಿಕೊಟ್ಟರೆ ಸಾಲದು, ಜವಾಬ್ದಾರಿಯನ್ನೂ ಕೊಡಬೇಕು.

"ಹೊಸದಾಗಿ ನಂಬಿದವನನ್ನು ಮೇಲ್ವಿಚಾರಕನನ್ನಾಗಿ ಮಾಡಬಾರದೆಂದು ಪೌಲನೇ ತಿಮೊಥೆಯನಿಗೆ ಬರೆದಿಲ್ಲವೇ?" ಎಂದು ಹಿರಿಯರು ಕೇಳಬಹುದು. ಬರೆದದ್ದು ನಿಜ, ಆ ಎಚ್ಚರಿಕೆ ಬೇಕು. ಆದರೆ ಪ್ರಸಂಗಪೀಠ ಬೇರೆ, ಪಂಕ್ತಿಯಲ್ಲಿ ಬಡಿಸುವ ಸೌಟು ಬೇರೆ. ಕಾಯಿಲೆಯವರನ್ನು ನೋಡಿಬರುವುದಕ್ಕೆ, ಅಕ್ಕಿ ಅಳೆದು ಕೊಡುವುದಕ್ಕೆ, ಕನ್ನಡದಲ್ಲಿ ಒಂದು ಅಧ್ಯಾಯ ಓದುವುದಕ್ಕೆ ಹತ್ತು ವರ್ಷ ಕಾಯಬೇಕೇ?

ನಮ್ಮ ಕನ್ನಡ ನಾಡಿನಲ್ಲಿಯೂ ಇಂಥ ಕಾಲ ಬಂದಿತ್ತು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಹೊಂದಿದವರನ್ನು ಕುಲದವರು ಹೊರಹಾಕಿದರು, ಧಣಿಗಳು ಕೆಲಸ ಬಿಡಿಸಿದರು. ಅವರು ಉಣ್ಣುವುದೆಲ್ಲಿಂದ? ಹಾಗಾಗಿ ಮಗ್ಗಗಳು ಬಂದವು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂದಿತು. ಕೊಡಗಿನಲ್ಲಿ, ಮಂಗಳೂರು ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಅವರ ಕಾಲದಲ್ಲಿ, ಜೀತದ ಹಾಗೆ ದುಡಿಯುತ್ತಿದ್ದ ಬಡ ಕುಟುಂಬಗಳು ಸುವಾರ್ತೆಯನ್ನು ಅಂಗೀಕರಿಸಿದಾಗ ಅವರಿಗಾಗಿ ಆನಂದಪುರವೆಂಬ ಊರು ಏರ್ಪಟ್ಟಿತು, ಕಾಫಿ ತೋಟವೂ ಆಯಿತು. ಹೊಸ ವಿಶ್ವಾಸಿಗೆ ಆತ್ಮ ಮಾತ್ರವಲ್ಲ, ಹೊಟ್ಟೆಯೂ ಇದೆ ಎಂದು ಅವರು ತಿಳಿದಿದ್ದರು. ಅದಕ್ಕಾಗಿ ಕೃತಜ್ಞತೆ ಸಲ್ಲಿಸೋಣ.

ಆದರೆ ಅದರ ಇನ್ನೊಂದು ಮುಖವನ್ನೂ ಕೂಲಿ ಮಾಡುವ ನಾವು ನೋಡಬೇಕು. ದೀಕ್ಷಾಸ್ನಾನ ಕೊಡುವ ಕೈಯೇ ಕೂಲಿಯನ್ನೂ ಕೊಟ್ಟರೆ, ಕೂಲಿಯ ವಿಷಯದಲ್ಲಿ ನ್ಯಾಯ ಕೇಳುವುದು ಹೇಗೆ? 1914ರಲ್ಲಿ ಯುದ್ಧ ಬಂದು ಮಿಷನ್ನಿನ ಕಾರ್ಖಾನೆಗಳು ಸರಕಾರದ ವಶವಾದಾಗ, ಅವನ್ನೇ ನೆಚ್ಚಿಕೊಂಡಿದ್ದ ಸಭೆಗಳು ನಡುಗಿದವು. ಆದುದರಿಂದ ಹೊಸಬರಿಗೆ ಸಾಲ, ಬಟ್ಟೆ, ಕೆಲಸದ ಆಸೆ ತೋರಿಸಿ ಕರೆಯುವುದು ಬೇಡ. ಮೇಸ್ತ್ರಿಯ ಮುಂಗಡ ಜನರನ್ನು ಹೇಗೆ ಕಟ್ಟಿಹಾಕುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಸಭೆಯು ಇನ್ನೊಬ್ಬ ಮೇಸ್ತ್ರಿ ಆಗಬಾರದು. ಕಷ್ಟ ಬಂದಾಗ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವ ಪೆಟ್ಟಿಗೆ ಇರಲಿ, ಅದರ ಲೆಕ್ಕವನ್ನು ಎಲ್ಲರ ಮುಂದೆ ಓದಲಿ.

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರನ್ನು ಸೇರಿಸಲಿಲ್ಲ. ತಮಿಳುನಾಡಿನಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗದಲ್ಲಿ ಎಣಿಸುತ್ತಾರೆ. ಪರಿಶಿಷ್ಟ ಪಂಗಡದವರಿಗೆ ಈ ಧರ್ಮದ ನಿಬಂಧನೆ ಇಲ್ಲ. ಇದು ಅನ್ಯಾಯವೆಂದು ನಾವು ನಂಬುತ್ತೇವೆ, ಏಕೆಂದರೆ ದೀಕ್ಷಾಸ್ನಾನದ ನೀರು ಬೀಳುತ್ತಲೇ ಊರಿನವರು ಜಾತಿಯನ್ನು ಮರೆಯುವುದಿಲ್ಲ. ಆದರೆ ಅನ್ಯಾಯವಾದರೂ ಕಾನೂನು ಹೀಗಿದೆ. ಮಗಳ ಕಾಲೇಜು, ಮಗನ ಸರಕಾರಿ ಕೆಲಸ ಇದರ ಮೇಲೆ ನಿಂತಿರಬಹುದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಎಣಿಸಬೇಕೆಂದು ಕರ್ತನು ಕಲಿಸಿದನಲ್ಲವೇ? ಈ ಖರ್ಚನ್ನು ದೀಕ್ಷಾಸ್ನಾನಕ್ಕೆ ಮೊದಲೇ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಲೆಕ್ಕ ಹೆಚ್ಚಿಸುವ ಆತುರದಲ್ಲಿ ಇದನ್ನು ಮುಚ್ಚಿಡುವುದು ಮೋಸ. ಕೇಳಿ, ಯೋಚಿಸಿ, ಕಾಯುತ್ತೇವೆ ಎನ್ನುವ ಕುಟುಂಬವನ್ನೂ ಮೊದಲಿನಷ್ಟೇ ಪ್ರೀತಿಯಿಂದ ಕಾಣಬೇಕು.

ಹೊರಗಿನ ಜಾತಿಯ ಮಾತಾಡಿದ ಮೇಲೆ ಒಳಗಿನದನ್ನೂ ನೋಡೋಣ. ನಮ್ಮ ನಾಡಿನ ಕೆಲವು ಕಡೆ ಕ್ರೈಸ್ತರ ಸ್ಮಶಾನದಲ್ಲಿಯೂ ಜಾತಿಯ ಗೋಡೆ ಎದ್ದಿದೆ. ಗೋಡೆ ಇಲ್ಲದ ಕಡೆ ಮನಸ್ಸಿನಲ್ಲಿ ಎಷ್ಟಿದೆ? ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಮನೆಗೆ ಬಂದವರಿಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ ಆ ಭೋಜನಕ್ಕೆ ಅರ್ಥವೇನು?

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಹಣ ಬೇಕಾಗಿಲ್ಲ. ಬಂದ ಪ್ರತಿಯೊಂದು ಕುಟುಂಬಕ್ಕೂ ಹಳೆಯ ಒಂದು ಕುಟುಂಬ ಜೊತೆಯಾಗಲಿ, ಒಂದು ವರ್ಷ ಅವರ ಸುಖದುಃಖಕ್ಕೆ ನಿಲ್ಲಲಿ. ತಮಿಳು ಆರಾಧನೆಯಲ್ಲಿ ವೇದಪಾಠವನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಓದಲಿ, ಐದು ನಿಮಿಷ ಹೆಚ್ಚಾದೀತು ಅಷ್ಟೇ. ರಾತ್ರಿ ಶಿಫ್ಟು ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಭಾನುವಾರ ಸಂಜೆ ಒಂದು ಕೂಟವಿರಲಿ. ದೋರ್ನಕಲ್ಲಿನಲ್ಲಿ 1912ರಿಂದ ಬಿಷಪ್ಪರಾಗಿದ್ದ ಅಜರಯ್ಯನವರು, ಸಾವಿರಾರು ಬಡ ಜನರು ಸಭೆಗೆ ಬಂದಾಗ, ಹಳ್ಳಿಯ ಉಪದೇಶಕರ ಜೊತೆಗೆ ಅವರ ಹೆಂಡತಿಯರಿಗೂ ತರಬೇತಿ ಕೊಡಿಸಿದರು. ಅಡಿಗೆಮನೆಯವರೆಗೆ ಹೋಗಿ ಮಾತಾಡಬಲ್ಲವರು ಹೆಂಗಸರೇ. ನಮ್ಮ ಅಕ್ಕಂದಿರಲ್ಲಿಯೂ ಇಬ್ಬರನ್ನು ಹಾಗೆ ಸಿದ್ಧಮಾಡೋಣ. ಹಂಚಿಕೆಯ ಪೆಟ್ಟಿಗೆ ನೋಡುವವರಲ್ಲಿ ಒಬ್ಬರಾದರೂ ಹೊಸಬರು ಇರಲಿ.

ಅನೇಕರನ್ನು ಕಳುಹಿಸು ಎಂಬ ಪ್ರಾರ್ಥನೆಯನ್ನು ನಾವು ಬಿಡುವುದಿಲ್ಲ. ಅದಕ್ಕೆ ಮೊದಲು ಒಂದು ಕೆಲಸ ಮಾಡೋಣ. ಈ ಭಾನುವಾರ ಬಾಗಿಲ ಬಳಿ ಕೂತವರ ಹೆಸರನ್ನು ಅವರ ಮಾತಿನಲ್ಲೇ ಕೇಳೋಣ. ಬುಧವಾರದೊಳಗೆ ಅವರ ಮನೆಗೆ ಹೋಗಿಬರೋಣ. ಸಂತೆಯಲ್ಲಿ ಸಿಕ್ಕ ಆ ತಾಯಿಯ ಮನೆಗೂ ನಾವು ಹೋಗಬೇಕಾಗಿದೆ. ಕ್ಷಮೆ ಕೇಳಿಕೊಂಡು, ಚಾಪೆಯ ಮೇಲೆ ನಮ್ಮ ಪಕ್ಕದಲ್ಲಿ ಜಾಗವಿದೆ ಬನ್ನಿರಿ ಎಂದು ಕರೆಯಬೇಕಾಗಿದೆ. ಕರ್ತನು ನಮಗೆ ಆ ಮನಸ್ಸನ್ನು ಕೊಡಲಿ.