ಮನೆವಾರ್ತೆ: ತೊಟ್ಟಿಕ್ಕುವ ಷವರು

ನಿಲ್ಲಿಸಿದ ಮೇಲೂ ಬಚ್ಚಲುಮನೆಯ ಷವರು ತೊಟ್ಟಿಕ್ಕಿದರೆ ಅನೇಕ ಮನೆಗಳಲ್ಲಿ ಮಾಡುವ ಮೊದಲ ಚಿಕಿತ್ಸೆಯೆಂದರೆ ಕೊಳಾಯಿಯ ತಿರುಪನ್ನು ಇನ್ನಷ್ಟು ಬಿಗಿ ಮಾಡುವುದು. ಎರಡು ದಿನ ಹನಿ ನಿಂತಂತೆ ತೋರುತ್ತದೆ, ಮೂರನೆಯ ದಿನ ಮತ್ತೆ ಶುರು. ಬಿಗಿದಷ್ಟೂ ಒಳಗಿನ ರಬ್ಬರು ವಾಷರು ನಜ್ಜಾಗುವುದೇ ಹೊರತು ರೋಗ ವಾಸಿಯಾಗದು.

ಮೊದಲು ಹನಿಯ ಲಕ್ಷಣವನ್ನು ನೋಡೋಣ. ಐದು ಹತ್ತು ನಿಮಿಷ ತೊಟ್ಟಿಕ್ಕಿ ತಾನೇ ನಿಂತರೆ ಅದು ಷವರಿನೊಳಗೆ ಉಳಿದ ನೀರು, ಚಿಂತೆಯಿಲ್ಲ. ರಾತ್ರಿಯೆಲ್ಲ ಬಿದ್ದರೆ ದೋಷವಿರುವುದು ಮೇಲಿನ ಷವರಿನಲ್ಲಲ್ಲ, ಕೆಳಗಿನ ಕೊಳಾಯಿಯಲ್ಲಿ. ಸ್ನಾನ ಮಾಡುವಾಗ ಮಾತ್ರ ಕೊಳವೆಯ ಸಂದಿನಲ್ಲಿ ಒಸರಿದರೆ ಅಲ್ಲಿನ ಟೇಪು ಸವೆದಿದೆ ಎಂದರ್ಥ.

ಕೊಳಾಯಿಯ ದೋಷಕ್ಕೆ ಮದ್ದು ಹೀಗೆ. ಮೇಲಿನ ತೊಟ್ಟಿಯಿಂದ ಬರುವ ವಾಲ್ವನ್ನು ಮುಚ್ಚಿ, ಷವರನ್ನು ತೆರೆದು ಉಳಿದ ನೀರನ್ನು ಹರಿಯಬಿಡಿ. ಸಣ್ಣ ತಿರುಪುಗಳು ಜಾರಿಹೋಗದಂತೆ ಬಚ್ಚಲ ಕಂಡಿಗೆ ಬಟ್ಟೆ ಮುಚ್ಚಿ. ಹಿಡಿಯನ್ನು ಕಳಚಿ, ಹೊಳಪು ಕೆಡದಂತೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಒಳಗಿನ ಸ್ಪಿಂಡಲನ್ನು ಬಿಚ್ಚಿದರೆ ತುದಿಯಲ್ಲಿ ವಾಷರು ಕಾಣುತ್ತದೆ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಕಾಲು ಸುತ್ತಿಗೇ ತೆರೆಯುವ ಹೊಸ ಮಾದರಿಯ ಕೊಳಾಯಿಗಳಲ್ಲಿ ಸಾಮಾನ್ಯವಾಗಿ ಈ ವಾಷರಿನ ಬದಲು ಪಿಂಗಾಣಿ ಬಿಲ್ಲೆಗಳಿರುತ್ತವೆ. ಅಲ್ಲಿ ಒಳಭಾಗವನ್ನೇ ಬದಲಿಸಬೇಕು. ಸಂದಿನ ಒಸರಿಗೆ ಟೆಫ್ಲಾನ್ ಟೇಪು ಸಾಕು. ಅದನ್ನು ತಿರುಪು ಬಿಗಿಯುವ ದಿಕ್ಕಿನಲ್ಲೇ ಸುತ್ತಬೇಕು, ಎದುರು ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

ಬೋರಿನ ಗಡಸು ನೀರಿನಿಂದ ಷವರಿನ ತೂತುಗಳಲ್ಲಿ ಬಿಳಿಯ ಉಪ್ಪು ಕಟ್ಟಿ, ನೀರು ಅಡ್ಡಾದಿಡ್ಡಿ ಚಿಮ್ಮುವುದು ಚೆನ್ನೈಯ ಬಹಳ ಮನೆಗಳ ಅನುಭವ. ಷವರಿನ ತಲೆಯನ್ನು ಬಿಚ್ಚಿ ಸ್ವಲ್ಪ ಹೊತ್ತು ವಿನಿಗರಿನಲ್ಲೊ ನಿಂಬೆರಸದ ನೀರಿನಲ್ಲೊ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ತೂತುಗಳು ತೆರೆದುಕೊಳ್ಳುತ್ತವೆ.

ಇಷ್ಟು ಸಣ್ಣ ಹನಿಗೆ ಇಷ್ಟು ಮಾತೇಕೆ ಎನ್ನುವಿರಾ? ಲೆಕ್ಕ ಹಾಕೋಣ. ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ ಒಂದು ಮಿಲಿಲೀಟರೆಂದರೂ 21 ಲೀಟರಿಗೆ ಮೇಲಾಯಿತು. 2019ರ ಬೇಸಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿದಾಗ ಅಷ್ಟು ನೀರಿಗಾಗಿ ಲಾರಿಯ ಮುಂದೆ ಕೊಡ ಹಿಡಿದು ನಿಂತವರನ್ನು ಊರೇ ಕಂಡಿದೆ. ಆ ಜುಲೈ 12ರಂದು ನೀರು ಹೊತ್ತ ರೈಲು ಬಂದದ್ದು, ಬೆಂಗಳೂರಿಗೆ ಹೋಗಿಬರುವ ನಮಗೆಲ್ಲ ಪರಿಚಿತವಾದ ಜೋಲಾರಪೇಟೆಯಿಂದ. ಅದು ಕಾವೇರಿಯ ನೀರು. 2004ರಿಂದ ವೀರಾಣಂ ಕೆರೆಯ ಮೂಲಕ 200ಕ್ಕೂ ಹೆಚ್ಚು ಕಿಲೋಮೀಟರು ಕೊಳವೆಯಲ್ಲಿ ಹರಿದು ಈ ಊರಿಗೆ ಬರುತ್ತಿರುವುದೂ ಕಾವೇರಿಯೇ. ತಲಕಾವೇರಿಯಲ್ಲಿ ಹುಟ್ಟಿ ಇಷ್ಟು ದೂರ ನಮ್ಮನ್ನು ಹುಡುಕಿಕೊಂಡು ಬಂದವಳನ್ನು ಸವೆದ ವಾಷರೊಂದರ ದೆಸೆಯಿಂದ ಬಚ್ಚಲಿಗೆ ಕಳಿಸುವುದು ಸಲ್ಲದು.

ಇಂದು ರಾತ್ರಿ ಮಲಗುವ ಮುನ್ನ ಷವರಿನಡಿ ಒಂದು ಚೊಂಬು ಇಟ್ಟು ನೋಡಿ. ಬೆಳಿಗ್ಗೆ ಅದು ತುಂಬಿದ್ದರೆ ಬರುವ ಭಾನುವಾರಕ್ಕೆ ಕೆಲಸವಾಯಿತು.