ಅಂಗಳದ ಹಳದಿ, ಅಡವಿಯ ಅಳಲು

ಮಳೆಗಾಲ ಹಿಂದೆ ಸರಿದು ನವರಾತ್ರಿ ಸಮೀಪಿಸುವ ಹೊತ್ತಿಗೆ ನಾಗರಹೊಳೆ, ಬಂಡೀಪುರಗಳ ಕಾಡಂಚಿನಲ್ಲಿ ಮರಗಳು ಹಳದಿ ಹೂಗಳಿಂದ ತುಂಬಿಕೊಳ್ಳುತ್ತವೆ. ದಾರಿಹೋಕರು ನಿಂತು ಚಿತ್ರ ತೆಗೆಯುತ್ತಾರೆ. ‘ಎಷ್ಟು ಚೆಂದದ ಕಕ್ಕೆ’ ಎನ್ನುತ್ತಾರೆ. ಅದು ಕಕ್ಕೆಯಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್. ಅಲಂಕಾರಕ್ಕೆಂದೂ ನೆರಳಿಗೆಂದೂ ನೆಟ್ಟ ಈ ಮರ ಇಂದು ನಾಗರಹೊಳೆಯಿಂದ ವಯನಾಡು, ಮುದುಮಲೆಗಳವರೆಗೆ ಅಡವಿಯನ್ನು ಆವರಿಸುತ್ತಿದೆ. ಅದರ ದಟ್ಟ ನೆರಳಿನಲ್ಲಿ ಹುಲ್ಲು ಬೆಳೆಯದು, ನಾಡಮರಗಳ ಸಸಿ ಏಳದು. ಮೇವು ಕುಗ್ಗಿದ ಕಾಡಿನಿಂದ ಜಿಂಕೆ, ಆನೆಗಳು ಹುಣಸೂರು, ಎಚ್.ಡಿ. ಕೋಟೆಗಳ ಹೊಲಗಳತ್ತ ಮುಖ ಮಾಡಿದರೆ ಅಚ್ಚರಿಯೇನಿದೆ?

ಈ ವಿಷಯದಲ್ಲಿ ನಾನೂ ನಿರ್ದೋಷಿಯಲ್ಲ. ಕೃಷಿವಿಜ್ಞಾನ ಓದಿದ್ದರೂ, ‘ಬೇಗ ಹೂಬಿಡುವ ಕಕ್ಕೆ’ ಎಂಬ ಮಾತನ್ನು ನಂಬಿ ನರ್ಸರಿಯೊಂದರಿಂದ ಸಸಿ ತಂದು ಅಂಗಳದಲ್ಲಿ ನೆಟ್ಟೆ. ಹೂ ಬಂದಾಗ ಸಂಶಯ ಹುಟ್ಟಿತು. ಮರುವರ್ಷದ ಮಳೆಗೆ ಪಕ್ಕದ ಹಳ್ಳದ ದಂಡೆಯಲ್ಲಿ ಅದರ ಸಸಿಗಳು ಸಾಲುಗಟ್ಟಿದ್ದವು. ಮರ ಕಡಿಸಿದೆ, ಬೊಡ್ಡೆಯಿಂದ ಹತ್ತಾರು ಚಿಗುರು ಎದ್ದವು. ಕೊನೆಗೆ ಬೇರುಸಹಿತ ಅಗೆದು ತೆಗೆಯಬೇಕಾಯಿತು.

ಗುರುತು ಕಷ್ಟವಲ್ಲ. ಕಕ್ಕೆಯ ಹೂಗೊಂಚಲು ಕೆಳಕ್ಕೆ ಜೋತುಬೀಳುತ್ತದೆ, ಬೇಸಿಗೆಯಲ್ಲಿ ಅರಳುತ್ತದೆ. ಎಲೆದಳಗಳು ಅಗಲ, ಸಂಖ್ಯೆಯಲ್ಲಿ ಕಡಿಮೆ. ಸೆನ್ನಾದ ಗೊಂಚಲು ಕೊಂಬೆಯ ತುದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಎಲೆದಳಗಳು ಕಿರಿದು, ಸಂಖ್ಯೆಯಲ್ಲಿ ಹೆಚ್ಚು.

ಹೊರನಾಡಿನದೆಲ್ಲವೂ ಕೆಟ್ಟದ್ದೆಂಬುದು ನಮ್ಮ ವಾದವಲ್ಲ. ಆಯುಧಪೂಜೆಯ ಚೆಂಡುಹೂವಿನ ತವರು ಮೆಕ್ಸಿಕೊ; ಅದು ನಮ್ಮ ಕಾಡನ್ನೇನೂ ನುಂಗಿಲ್ಲ. ಆದರೆ 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಲಾಂಟಾನವೂ ಅಂದಿಗೆ ಒಂದು ಚೆಂದದ ಹೂಗಿಡವೇ ಆಗಿತ್ತು. ಬೇಲಿ ದಾಟುವ ಗಿಡ ಯಾವುದೆಂಬುದು ತಿಳಿಯುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಹಾಗಾದರೆ ಅಂಗಳಕ್ಕೆ ಬಣ್ಣ ಬೇಡವೇ? ಖಂಡಿತ ಬೇಕು. ಆದರೆ ನಮ್ಮ ನೆಲದ ಬಣ್ಣದ ಪಂಚಾಂಗವೇ ಬೇರೆ. ಶೀತದೇಶಗಳಲ್ಲಿ ಹಗಲು ಕುಗ್ಗಿ ಚಳಿ ಏರಿದಾಗ ಎಲೆಗಳು ಕೆಂಪಾಗಿ ಉದುರುತ್ತವೆ. ನಮ್ಮಲ್ಲಿ ಎಲೆ ಉದುರಿಸುವುದು ಮುಖ್ಯವಾಗಿ ಮಣ್ಣಿನ ಒಣಗು. ಆದುದರಿಂದ ಆಶ್ವಯುಜ-ಕಾರ್ತಿಕಗಳಲ್ಲಿ ಎಲೆ ಇನ್ನೂ ಹಸಿರು. ಶರದೃತುವಿನ ಬಣ್ಣ ಹೂವಿನದು, ಎಲೆಯ ಬಣ್ಣ ಶಿಶಿರ-ವಸಂತಗಳದು.

ಶರತ್ತಿಗೆ ಮೊದಲ ಆಯ್ಕೆ ಪಾರಿಜಾತ. ಇರುಳಲ್ಲಿ ಅರಳಿ ಬೆಳಗಿನ ಜಾವ ಉದುರುವ ಬಿಳಿ ಹೂ, ಕೇಸರಿ ತೊಟ್ಟು. ಕಿರಿದಾದ ಅಂಗಳಕ್ಕೂ ಒಗ್ಗುತ್ತದೆ. ಹಳದಿ ಬೇಕೆನ್ನುವವರಿಗೆ ನಮ್ಮದೇ ತಂಗಡಿ ಇದೆ. ತೆಲಂಗಾಣದ ಹೆಣ್ಣುಮಕ್ಕಳು ಬತುಕಮ್ಮ ಹಬ್ಬದಲ್ಲಿ ಜೋಡಿಸುವುದು ಈ ಹೂವನ್ನೇ. ಒಣಭೂಮಿಯಲ್ಲೂ ನೀರು ಕೇಳದೆ ಬೆಳೆಯುತ್ತದೆ. ಬೀಜವನ್ನು ಮರಳಿನಲ್ಲಿ ಉಜ್ಜಿ, ರಾತ್ರಿ ನೆನೆಸಿ ಬಿತ್ತಿದರೆ ಸಾಕು. ಬೇಲಿಗೆ ಮುಳ್ಳುಗೋರಂಟೆ. ಗೌರಿಹಬ್ಬದ ಹೊತ್ತಿಗೆ ಹಳದಿಯಿಂದ ಕೆಂಪಿಗೆ ತಿರುಗುವ ಅಗ್ನಿಶಿಖೆಯೂ ಸೊಗಸು. ಆದರೆ ಅದರ ಗೆಡ್ಡೆ ಮಾರಕ ವಿಷ, ಮಕ್ಕಳು ಆಡುವ ಜಾಗಕ್ಕೆ ಬೇಡ.

ಹೊಲದ ಬದು, ಶಾಲೆಯ ಆವರಣ, ಗುಡಿಯ ಬಯಲುಗಳಿಗೆ ದೊಡ್ಡ ಮರಗಳಿರಲಿ. ಚಳಿಗಾಲದಲ್ಲಿ ದಿಂಡಿಗದ ಎಲೆ ತಾಮ್ರವರ್ಣಕ್ಕೆ ತಿರುಗುತ್ತದೆ. ಆ ಬಳಿಕ ಮುತ್ತುಗ ಬರಿಗೊಂಬೆಯಲ್ಲಿ ಕೆಂಡದಂತೆ ಅರಳುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಸಾಗಡೆಯ ಕೆಂಪು ಚಿಗುರು, ಅನಂತರ ಕಕ್ಕೆ. ಮೈಸೂರು ಸಂಸ್ಥಾನದಲ್ಲಿ ದುಡಿದ ಜರ್ಮನಿಯ ತೋಟಗಾರಿಕಾ ತಜ್ಞ ಕೃಂಬಿಗಲ್, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದ್ದರು. ಅವುಗಳಲ್ಲಿ ಹಲವು ಹೊರನಾಡಿನವು. ಅದೇ ಕ್ರಮವನ್ನು ನಮ್ಮ ಮರಗಳಿಂದಲೇ ನಾವು ಸಾಧಿಸಬಹುದಲ್ಲವೇ?

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಹಳ್ಳಿಹಳ್ಳಿಯ ರೈತರು ಅಲ್ಲಿ ಸೇರುತ್ತಾರೆ. ವಿದ್ಯಾರ್ಥಿಗಳು ತಮ್ಮ ಊರಿನ ತಂಗಡಿ, ಪಾರಿಜಾತಗಳ ಬಲಿತ ಬೀಜ ಆಯ್ದು ಪೊಟ್ಟಣ ಕಟ್ಟಿ ತರಲಿ. ರೈತರು ಒಯ್ದು ಮುಂಗಾರಿಗೆ ಬಿತ್ತಲಿ. ಅಂತೆಯೇ ಅಂಗಳದಲ್ಲಿ ಸೆನ್ನಾ ಇದ್ದವರು ಕಾಯಿ ಬಲಿಯುವ ಮೊದಲೇ ಅದನ್ನು ಬುಡಸಮೇತ ಕೀಳಲಿ; ನೆಲ ಹಸಿಯಿರುವಾಗ ಎಳೆಯ ಸಸಿಗಳು ಕೈಯಿಂದಲೇ ಬರುತ್ತವೆ.

ಅಡವಿಯನ್ನು ಉಳಿಸಲು ಅರಣ್ಯ ಇಲಾಖೆಯ ಅಪ್ಪಣೆ ಬೇಕಾಗಬಹುದು. ಅಂಗಳದ ಗಿಡ ಆರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ಆಯ್ಕೆ ಅಲ್ಲಿಗೇ ನಿಲ್ಲದೆ ಕಾಡಿನವರೆಗೂ ನಡೆದುಹೋಗುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು.